ಅಜ್ಜನ ಪೆಟ್ಟಿಗೆ, ಅಜ್ಜಿಯ ಕ್ಯಾಸೆಟ್: ಆರು ವಾರದ ರಿಪೇರಿ ದಿನಚರಿ

ಅಮ್ಮ ಆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಾಗ ಅದರ ಮುಚ್ಚಳ ಮುಚ್ಚುತ್ತಿರಲಿಲ್ಲ. ಒಂದು ಹಿಂಜ್ ಕಿತ್ತು ಬಂದಿತ್ತು. ಎಡಗಡೆಯ ಮೂಲೆ ಬಾಯಿ ಬಿಟ್ಟಿತ್ತು. ಸುತ್ತ ಒಂದು ದಾರ ಬಿಗಿದು, ಪೆಟ್ಟಿಗೆ ಚೆದುರಿ ಹೋಗದ ಹಾಗೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದರು.

"ಇದನ್ನ ಸ್ವಲ್ಪ ಸರಿ ಮಾಡ್ಕೊಡು. ಆದ್ರೆ ಹೊಸದು ಮಾಡ್ಬೇಡ" ಅಂದರು.

ಆರು ವಾರದ ಶನಿವಾರ, ಭಾನುವಾರಗಳು ಈ ಕೆಲಸಕ್ಕೇ ಹೋದವು. ಎಲ್ಲಿ ಎಷ್ಟು ಕೈ ಹಾಕಬೇಕು, ಎಲ್ಲಿ ಹಾಕಬಾರದು ಅನ್ನುವ ಪ್ರಶ್ನೆ ಬಂದಾಗಲೆಲ್ಲ ಅಮ್ಮನ ಆ ಮಾತನ್ನೇ ನೆನೆಸಿಕೊಂಡೆ. ಮಾಡಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಒಂದು ಇರಬಹುದು, ಅಲ್ವಾ?

ಮೊದಲ ವಾರ: ಏನೇನಿದೆ?

ಮೊದಲು ಏನನ್ನೂ ಒರೆಸಲಿಲ್ಲ, ಬಿಡಿಸಲಿಲ್ಲ. ಪೆಟ್ಟಿಗೆ ತೆರೆದು, ವಸ್ತುಗಳು ಇದ್ದ ಹಾಗೇ ಫೋಟೋ ತೆಗೆದೆ. ಆಮೇಲೆ ಒಂದೊಂದಾಗಿ ಹೊರಗೆ ತೆಗೆದು ಬಿಳಿ ಬಟ್ಟೆಯ ಮೇಲೆ ಇಟ್ಟೆ. ಯಾವುದರ ಜೊತೆ ಯಾವುದಿತ್ತು ಅನ್ನುವುದೂ ನೆನಪಿನ ಒಂದು ಭಾಗ. ಒಮ್ಮೆ ಕಲೆಸಿಬಿಟ್ಟರೆ ಅದು ಮತ್ತೆ ಸಿಗುವುದಿಲ್ಲ.

ಇದ್ದದ್ದು ಇಷ್ಟು. ದಿನಪತ್ರಿಕೆಯಲ್ಲಿ ಸುತ್ತಿದ ಹದಿನಾರು ಕಾಗದಗಳು, ಎಲ್ಲ ಅಜ್ಜ ಬರೆದವು. ಗಾಜಿಗೆ ಅಂಟಿಕೊಂಡಿದ್ದ ಅಜ್ಜ ಅಜ್ಜಿಯ ಒಂದು ಫೋಟೋ. ಅಜ್ಜಿ ಹೆಣೆದ ಒಂದು ಉಣ್ಣೆ ಸ್ವೆಟರ್, ಅಮ್ಮನದು, ಮೂರು ಕಡೆ ತೂತು. ಅಜ್ಜನ ಮೋಟು ಪೆನ್ಸಿಲ್. ಯಾವ ಬೀಗದ್ದೋ ಗೊತ್ತಿಲ್ಲದ ಒಂದು ಕೀಲಿ. ಮತ್ತೆ ಒಂದು ಕ್ಯಾಸೆಟ್. ಅದರ ಮೇಲೆ ಅಜ್ಜನ ಅಕ್ಷರದಲ್ಲಿ '1984' ಅಂತ ಮಾತ್ರ ಇತ್ತು.

ಆ ಸಂಜೆ ಅಮ್ಮನ ಪಕ್ಕ ಕೂತು ಒಂದು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಪ್ರತಿ ವಸ್ತುವಿಗೂ ಒಂದು ಪುಟ. ಯಾರದು, ಯಾರು ಕೊಟ್ಟದ್ದು, ಯಾವಾಗ, ಏನು ನೆನಪು. ಕೀಲಿಯ ಬಗ್ಗೆ ಅಮ್ಮನಿಗೂ ಏನೂ ಗೊತ್ತಿರಲಿಲ್ಲ. "ಅಮ್ಮ ಇದನ್ನ ಸೆರಗಿಗೆ ಕಟ್ಕೊಂಡಿರ್ತಿದ್ರು, ಅಷ್ಟೇ ಗೊತ್ತು" ಅಂದರು. ಅದನ್ನೇ ಬರೆದೆ. ರಿಪೇರಿಗೆ ಬೇಕಾದ ಸಾಮಾನು ಯಾವತ್ತಾದರೂ ಸಿಗುತ್ತದೆ. ಈ ಪುಟಗಳಿಗೆ ಬೇಕಾದ ಮಾತು ಹೇಳುವವರು ಇರುವಾಗಲೇ ಕೇಳಬೇಕು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಂಜೆಗಳಲ್ಲಿ ಅದೂ ಒಂದು.

ಎರಡನೇ ವಾರ: ಪೆಟ್ಟಿಗೆ

ಪೆಟ್ಟಿಗೆಯನ್ನು ಅಜ್ಜ ತಾವೇ ಮಾಡಿದ್ದರು. 40 ಸೆಂಟಿಮೀಟರ್ ಉದ್ದ, 28 ಅಗಲ. ಎರಡೂ ಕೈಯ ಬೆರಳು ಹೆಣೆದುಕೊಂಡ ಹಾಗೆ, ಹಲಗೆಯ ತುದಿಗಳಲ್ಲಿ ಹಲ್ಲು ಕಡಿದು ಕೂಡಿಸಿದ ಮೂಲೆಗಳು. ಒಂದೇ ಒಂದು ಮೊಳೆ ಇಲ್ಲ. ಬಾಯಿ ಬಿಟ್ಟಿದ್ದ ಮೂಲೆಯಲ್ಲೂ ಮರ ಮುರಿದಿರಲಿಲ್ಲ. ಅಂಟು ಮಾತ್ರ ಸತ್ತಿತ್ತು.

ಯಾವ ಅಂಟು ಅಂತ ಮೊದಲು ತಿಳಿಯಬೇಕಿತ್ತು. ಸಂದಿನಲ್ಲಿ ಜೇನಿನ ಬಣ್ಣದ, ಗಾಜಿನ ಹಾಗೆ ಪುಡಿಯಾಗುವ ಚೂರುಗಳಿದ್ದವು. ಒಂದು ಹನಿ ಬಿಸಿನೀರು ಬಿಟ್ಟು ಎರಡು ನಿಮಿಷ ಕಾದೆ. ಬೆರಳಿಗೆ ಅಂಟಂಟಾಯಿತು. ಅಂದರೆ ಇದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಹಳೇ ಕಾಲದ ಅಂಟು. ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ಇವತ್ತು ಎಲ್ಲರೂ ಬಳಸುವ ಬಿಳಿ ಫೆವಿಕಾಲ್ ಥರದ ಅಂಟು ಈ ಹಳೇ ಅಂಟಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಅದೇ ಜಾತಿಯ ಹೊಸ ಅಂಟನ್ನು ಬಿಸಿಯಾಗಿ ಹಚ್ಚಿದರೆ ಹಳೆಯದು ಕರಗಿ ಹೊಸದರ ಜೊತೆ ಬೆರೆಯುತ್ತದೆ. ಇನ್ನೊಂದು ಅನುಕೂಲವೂ ಇದೆ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಬಿಸಿ ಮತ್ತು ತೇವ ಕೊಟ್ಟರೆ ಸಾಕು, ಮರಕ್ಕೆ ಪೆಟ್ಟಾಗುವುದಿಲ್ಲ.

ಅಂಟಿನ ಹರಳುಗಳನ್ನು ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಆ ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಹಲ್ಲುಗಳಿಗೆ ತೆಳುವಾಗಿ ಹಚ್ಚಿ, ಕೂಡಿಸಿ, ಕ್ಲ್ಯಾಂಪ್ ಹಾಕಿದೆ. ಇದು ಬೇಗ ಗಟ್ಟಿಯಾಗುವ ಅಂಟು. ಹಾಗಾಗಿ ಅಂಟು ಇಲ್ಲದೆಯೇ ಎರಡು ಸಲ ಕೂಡಿಸಿ, ಬಿಚ್ಚಿ ಅಭ್ಯಾಸ ಮಾಡಿಕೊಂಡಿದ್ದೆ.

ಕ್ಲ್ಯಾಂಪ್ ಬಿಗಿಯುವಾಗ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದು ನೋಡಿದೆ. ಎರಡು ಅಳತೆಗೂ 3 ಮಿಲಿಮೀಟರ್ ವ್ಯತ್ಯಾಸ. ಪೆಟ್ಟಿಗೆ ಸೊಟ್ಟಗಿದೆ ಅಂತ ಅರ್ಥ. ಒಂದು ಮೂಲೆಯನ್ನು ಮೆಲ್ಲಗೆ ಒತ್ತಿ ಎರಡನ್ನೂ 48.8 ಸೆಂಟಿಮೀಟರ್‌ಗೆ ತಂದೆ. ಮುಚ್ಚಳ ತಾನಾಗೇ ಕೂತಿತು. ಇಷ್ಟು ವರ್ಷ ಮುಚ್ಚಳದ್ದೇ ತಪ್ಪು ಅಂದುಕೊಂಡಿದ್ದೆವು.

ಹಿಂಜ್‌ನ ಸ್ಕ್ರೂ ತೂತುಗಳು ಅಗಲವಾಗಿದ್ದವು. ಬಿದಿರಿನ ಸಣ್ಣ ಸೀಳುಗಳನ್ನು ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಣಗಿದ ಮೇಲೆ ಸಣ್ಣ ತೂತು ಕೊರೆದು ಹಳೇ ಹಿತ್ತಾಳೆ ಸ್ಕ್ರೂಗಳನ್ನೇ ಹಾಕಿದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ಗಟ್ಟಿಯಾಗಿದ್ದ ಇನ್ನೊಂದು ಹಿಂಜ್‌ನಲ್ಲಿ ಸ್ಕ್ರೂಗಳ ತಲೆಯ ಗೀರು ಎಲ್ಲವೂ ಒಂದೇ ದಿಕ್ಕಿಗೆ ಇದ್ದವು. ಅಜ್ಜ ಹಾಗೆ ನಿಲ್ಲಿಸಿದ್ದರು. ನಾನೂ ಹಾಗೇ ನಿಲ್ಲಿಸಿದೆ.

ಈಗ ಸ್ಯಾಂಡ್‌ಪೇಪರ್ ವಿಷಯ. ಪೆಟ್ಟಿಗೆ ಕಪ್ಪಗಾಗಿದೆ, ಗೀರುಗಳಿವೆ, ಉಜ್ಜಿ ಪಾಲಿಶ್ ಹೊಡೆದರೆ ಫಳಫಳ ಹೊಳೆಯುತ್ತದೆ. ಕೈಯಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಮುಚ್ಚಳ ಮಗುಚಿದೆ. ಒಳಗಡೆ ಪೆನ್ಸಿಲ್‌ನಲ್ಲಿ ಒಂದು ಬಾಣದ ಗುರುತು. ಪಕ್ಕದಲ್ಲಿ ಅಜ್ಜನ ಅಕ್ಷರದಲ್ಲಿ 'ಒಳಗೆ' ಅಂತ. ಹಲಗೆಯ ಯಾವ ಮುಖ ಒಳಗೆ ಬರಬೇಕು ಅಂತ ತಮಗೇ ಬರೆದುಕೊಂಡ ಗುರುತು ಅದು. ಅದರ ಉದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಏಣುಗಳು, ಒಂದೇ ಸಮನಾಗಿ. ಹಲಗೆ ನುಣುಪು ಮಾಡುವ ಅವರ ಹತ್ತರಿಯ ಅಲಗಿನಲ್ಲಿ ಎಲ್ಲೋ ಸಣ್ಣ ಚಕ್ಕೆ ಹಾರಿತ್ತು. ಅಲಗು ಹೋದ ಕಡೆಯೆಲ್ಲ ಆ ಏಣು ಮೂಡಿದೆ. ಬೆರಳಾಡಿಸಿದರೆ ಕೈಗೆ ಸಿಗುತ್ತದೆ.

ಸ್ಯಾಂಡ್‌ಪೇಪರ್ ಕೆಳಗಿಟ್ಟೆ. ಮೆತ್ತಗಿನ ಬ್ರಶ್‌ನಿಂದ ಧೂಳು ತೆಗೆದು, ಹಿಂಡಿದ ಬಟ್ಟೆಯಿಂದ ಒರೆಸಿ, ಹೊರಗಡೆ ಮಾತ್ರ ತೆಳುವಾಗಿ ಜೇನುಮೇಣ ಹಚ್ಚಿದೆ. ಒಳಗೆ ಏನನ್ನೂ ಹಚ್ಚಲಿಲ್ಲ.

ಮೂರನೇ ವಾರ: ಕಾಗದಗಳು

ದಿನಪತ್ರಿಕೆಯ ಹೊದಿಕೆ ಮೊದಲು ಹೋಗಬೇಕಿತ್ತು. ಪತ್ರಿಕೆಯ ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಅನ್ನುವ ಅಂಶ ಉಳಿದಿರುತ್ತದೆ. ಕಾಲ ಕಳೆದಂತೆ ಅದು ಹಳದಿಯಾಗಿ ಆಮ್ಲ ಹುಟ್ಟಿಸುತ್ತದೆ. ಆ ಆಮ್ಲ ಪಕ್ಕದ ಕಾಗದಕ್ಕೂ ದಾಟುತ್ತದೆ. ಹೊರಗಿನ ಎರಡು ಕಾಗದಗಳ ಮೇಲೆ ಪತ್ರಿಕೆಯ ಆಕಾರದಲ್ಲೇ ಕಂದು ನೆರಳು ಬಿದ್ದಿತ್ತು. ಅದನ್ನು ತೆಗೆಯಲು ಹೋಗಲಿಲ್ಲ. ಪತ್ರಿಕೆಯ ಹಾಳೆಯನ್ನು ಮಾತ್ರ ಬೇರೆ ಇಟ್ಟೆ.

ತುಕ್ಕು ಹಿಡಿದ ಗುಂಡುಪಿನ್ನುಗಳನ್ನು ಎಳೆಯದೆ, ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ತೂರಿಸಿ ಮೆಲ್ಲಗೆ ಸರಿಸಿ ತೆಗೆದೆ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬರಿಗೈಯಲ್ಲೇ ಕೆಲಸ ಮಾಡಿದೆ. ಬಟ್ಟೆಯ ಗ್ಲೌಸ್ ಹಾಕಿದರೆ ಬೆರಳಿಗೆ ಕಾಗದದ ಅಂದಾಜು ಸಿಗುವುದಿಲ್ಲ, ಹರಿಯುವ ಸಂಭವ ಜಾಸ್ತಿ. ಫೋಟೋ ಮುಟ್ಟುವಾಗ ಮಾತ್ರ ಗ್ಲೌಸ್ ಬೇಕು.

ಮಡಿಕೆಯಲ್ಲಿ ಹರಿದಿದ್ದ ಐದು ಕಾಗದಗಳಿಗೆ ತೆಳುವಾದ ಜಪಾನಿ ಕಾಗದದ ಎಳೆಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂದಿನಿಂದ ಹಚ್ಚಿದೆ. ಈ ಅಂಟು ನೀರಿಗೆ ಬಿಡುತ್ತದೆ, ಹಳದಿಯಾಗುವುದಿಲ್ಲ. ಅದಕ್ಕೂ ಮೊದಲು ಒಂದು ಚುಕ್ಕಿಯ ಮೇಲೆ ಒದ್ದೆ ಹತ್ತಿ ತಾಗಿಸಿ ಶಾಯಿ ಕದಡುತ್ತದಾ ಅಂತ ನೋಡಿದ್ದೆ. ನೀಲಿ ಶಾಯಿ ಕದಡಿತು. ಹಾಗಾಗಿ ಅಂಟನ್ನು ಆದಷ್ಟು ಗಟ್ಟಿಯಾಗಿ, ಅಕ್ಷರ ಇಲ್ಲದ ಜಾಗಕ್ಕೆ ಮಾತ್ರ ಬಳಸಿದೆ. ಸೆಲೋಟೇಪ್ ಯಾವ ಕಾರಣಕ್ಕೂ ಬೇಡ. ಅದರ ಗೋಂದು ಕಾಗದದೊಳಗೆ ಇಳಿದು ಕಂದು ಪಟ್ಟೆಯಾಗುತ್ತದೆ. ಟೇಪು ಉದುರಿಹೋದರೂ ಪಟ್ಟೆ ಉಳಿಯುತ್ತದೆ.

ಹದಿನಾರರಲ್ಲಿ ಒಂದು ಕಾಗದಕ್ಕೆ ನಾನು ಏನೂ ಮಾಡಲಾಗಲಿಲ್ಲ. ಅಮ್ಮನಿಗೆ ಅತಿ ಇಷ್ಟವಾದ ಕಾಗದ ಅದು. ಹಾಳಾಗಬಾರದು ಅಂತ ಹಿಂದೊಮ್ಮೆ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದ್ದೆವು. ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಕೂತುಬಿಡುತ್ತದೆ. ಅದನ್ನು ಬಿಡಿಸಲು ಹೋದರೆ ಅಕ್ಷರಗಳೂ ಜೊತೆಗೇ ಬರುತ್ತವೆ. ಆ ಕಾಗದವನ್ನು ಮುಟ್ಟಿದರೆ ಈಗ ಪ್ಲಾಸ್ಟಿಕ್ ಮಾತ್ರ ಕೈಗೆ ಸಿಗುತ್ತದೆ. ಅಜ್ಜ ನಿಬ್ಬು ಒತ್ತಿ ಬರೆಯುತ್ತಿದ್ದರು. ಉಳಿದ ಹದಿನೈದರ ಹಿಂಬದಿಯಲ್ಲಿ ಆ ಒತ್ತಿನ ಗುರುತು ಬೆರಳಿಗೆ ತಿಳಿಯುತ್ತದೆ. ಪ್ರೀತಿಯ ಕಾಗದ ಇದ್ದರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರಿನಲ್ಲಿ ಸುಮ್ನೆ ಜಾರಿಸಿಟ್ಟರೆ ಸಾಕು. ಪಿವಿಸಿ ಕವರ್ ಮಾತ್ರ ಬೇಡ.

ನಾಲ್ಕನೇ ವಾರ: ಫೋಟೋ, ಸ್ವೆಟರ್

ಫೋಟೋದ ಕೆಲಸ ಸಣ್ಣದು. ಫೋಟೋ ಕಾಗದದ ಮೇಲ್ಪದರ ಜೆಲಾಟಿನ್. ತೇವಕ್ಕೆ ಅದು ಮೆತ್ತಗಾಗಿ ಗಾಜಿಗೆ ಹಿಡಿದುಕೊಳ್ಳುತ್ತದೆ. ಎಳೆದರೆ ಮುಖ ಗಾಜಿನ ಮೇಲೇ ಉಳಿಯುತ್ತದೆ. ಅಜ್ಜಿಯ ಕೆನ್ನೆಯ ಹತ್ತಿರವೇ ಅಂಟಿತ್ತು. ನಾನು ಎಳೆಯಲಿಲ್ಲ. ಗಾಜಿನ ಹೊರಮೈ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲು ಹಾಕಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದೆ. ಅದರ ಪ್ರಿಂಟ್‌ಗೆ ಚೌಕಟ್ಟು ಹಾಕಿಸಿ ಗೋಡೆಗೆ ಕೊಟ್ಟೆ. ಈ ಸಲ ಗಾಜಿಗೂ ಫೋಟೋಗೂ ನಡುವೆ ದಪ್ಪ ರಟ್ಟಿನ ಅಂಚು ಕೊಟ್ಟು ಎರಡೂ ತಾಗದ ಹಾಗೆ ಮಾಡಿಸಿದೆ. ಮೂಲ ಫೋಟೋ ಗಾಜಿನ ಜೊತೆಯಲ್ಲೇ ಕತ್ತಲಲ್ಲಿ ಇರುತ್ತದೆ. ಬೆಳಕಿಗೆ ಬಣ್ಣ ಮಾಸುವುದು ಪ್ರಿಂಟ್‌ನದ್ದಾಗಲಿ.

ಸ್ವೆಟರ್ ಹೆಚ್ಚು ಹೊತ್ತು ತೆಗೆದುಕೊಂಡಿತು. ಉಣ್ಣೆ ತಿನ್ನುವುದು ಹಾರಾಡುವ ಪತಂಗ ಅಲ್ಲ, ಅದರ ಮರಿಹುಳ. ಮೊಟ್ಟೆ ಎಲ್ಲಿ ಅಡಗಿದೆಯೋ ಗೊತ್ತಾಗುವುದಿಲ್ಲ. ಸ್ವೆಟರನ್ನು ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟಿದ್ದೆ. ಹೊರಗೆ ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ತಣ್ಣಗಿರುವ ಉಣ್ಣೆಯ ಮೇಲೆ ಗಾಳಿಯ ತೇವ ಕೂರುತ್ತದೆ. ನುಸಿಗುಳಿಗೆ ಹಾಕಲಿಲ್ಲ. ಅದರ ವಾಸನೆ ಹೋಗುವುದೇ ಇಲ್ಲ. ಮನುಷ್ಯರಿಗೂ ಒಳ್ಳೆಯದಲ್ಲ.

ತಣ್ಣೀರಿನಲ್ಲಿ ಸೌಮ್ಯವಾದ ಸೋಪು ಹಾಕಿ ಹಿಂಡದೆ ತೊಳೆದೆ. ಟವಲಿನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ನೇತುಹಾಕದೆ ಹಾಸಿ ಒಣಗಿಸಿದೆ. ತೂತುಗಳನ್ನು ಅಕ್ಕ ಹೊಲಿದಳು, ನನಗಿಂತ ಅವಳ ಕೈ ಚೆನ್ನ. ಮೊದಲು ತೂತಿನ ಮೇಲೆ ಉದ್ದುದ್ದ ಎಳೆ ಹಾಯಿಸಿ, ಆಮೇಲೆ ಅಡ್ಡಡ್ಡ ಒಂದು ಬಿಟ್ಟು ಒಂದು ಎಳೆ ನೇಯ್ದು ಮುಚ್ಚಿದಳು. ಅದೇ ಬಣ್ಣದ ಉಣ್ಣೆ ಸಿಗಲಿಲ್ಲ. ಒಂದು ಛಾಯೆ ತಿಳಿಯಾದದ್ದು ಸಿಕ್ಕಿತು. "ಹೊಲಿಗೆ ಕಾಣ್ಲಿ ಬಿಡು. ಅಜ್ಜಿ ಹೆಣೆದಿದ್ದು ಯಾವ್ದು, ನಾನು ಹಾಕಿದ್ದು ಯಾವ್ದು ಅಂತ ಗೊತ್ತಾಗ್ಬೇಕು" ಅಂದಳು. ನನಗೆ ಆ ಮಾತು ತುಂಬಾ ಹಿಡಿಸಿತು.

ಸ್ವೆಟರ್ ಪೆಟ್ಟಿಗೆಗೆ ವಾಪಸ್ ಹೋಗಲಿಲ್ಲ. ಅಮ್ಮ ಅದನ್ನು ಹಾಕಿಕೊಂಡರು. ಈಗಲೂ ಸರಿಹೋಗುತ್ತದೆ.

ಐದನೇ ವಾರ: ಕ್ಯಾಸೆಟ್

ನನಗೆ ಅತಿ ಭಯ ಇದ್ದದ್ದು ಇದರ ಬಗ್ಗೆಯೇ. 1984ರಲ್ಲಿ ಅಮ್ಮ ದೂರದ ಊರಿನಲ್ಲಿದ್ದರು. ಕಾಗದದ ಬದಲು ಅಜ್ಜಿ ಒಮ್ಮೆ ಮಾತು ರೆಕಾರ್ಡ್ ಮಾಡಿ ಕಳಿಸಿದ್ದರಂತೆ. ಟೇಪ್ ಕತ್ತರಿಸಿ ಹೋದ ಮೇಲೆ ಯಾರೂ ಕೇಳಿರಲಿಲ್ಲ. ಅಜ್ಜಿಯ ದನಿ ಇರುವುದು ಇದೊಂದರಲ್ಲೇ.

ಕ್ಯಾಸೆಟ್ ಅನ್ನುವುದು ಸರಳ ವಸ್ತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ವಿನ್ಯಾಸ ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ. ಒಳಗಿನ ಟೇಪಿನ ಅಗಲ 4 ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ನಮ್ಮದು ಸಿ-60, ಅಂದರೆ ಒಂದೊಂದು ಬದಿಗೆ 30 ನಿಮಿಷ, ಸುಮಾರು 90 ಮೀಟರ್ ಟೇಪ್.

ಎಲ್ಲಕ್ಕಿಂತ ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ನಾಲಿಗೆಗಳನ್ನು ಮುರಿದೆ. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಕೈತಪ್ಪಿನಿಂದ ಅಜ್ಜಿಯ ಮಾತು ಅಳಿಸಿ ಹೋಗುವ ಭಯ ಅಷ್ಟರಮಟ್ಟಿಗೆ ಹೋಯಿತು.

ತೊಂದರೆ ಎರಡಿತ್ತು. ಟೇಪಿನ ಶುರುವಿನಲ್ಲಿ ಧ್ವನಿ ಇಲ್ಲದ ಒಂದು ಲೀಡರ್ ಪಟ್ಟಿ ಇರುತ್ತದೆ. ಅದು ಟೇಪಿಗೆ ಸೇರುವ ಕಡೆಯಲ್ಲೇ ಕತ್ತರಿಸಿತ್ತು. ಜೊತೆಗೆ ಟೇಪನ್ನು ಪ್ಲೇಯರ್‌ನ ಧ್ವನಿ ಓದುವ ಭಾಗಕ್ಕೆ, ಅಂದರೆ ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟ್ ಮೆತ್ತೆ ಉದುರಿಹೋಗಿತ್ತು. ಮೆತ್ತೆ ಇಲ್ಲದೆ ಹಾಕಿದರೆ ದನಿ ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ, ಅಥವಾ ಕೇಳುವುದೇ ಇಲ್ಲ.

ನೇರವಾಗಿ ಅದಕ್ಕೆ ಕೈ ಹಾಕಲಿಲ್ಲ. ಒಂದು ಖಾಲಿ ಕ್ಯಾಸೆಟ್ ತಂದು ಅದರ ಮೇಲೆ ಕಲಿತೆ. ಮೊದಲ ಸಲ ಬಿಚ್ಚಿದಾಗ ಕ್ಯಾಸೆಟನ್ನು ಓರೆಯಾಗಿ ಹಿಡಿದಿದ್ದೆ. ಮೂಲೆಯ ಎರಡು ರೋಲರ್‌ಗಳು ಜಾರಿ ಬಿದ್ದವು, ಟೇಪು ಸುರುಳಿ ಬಿಚ್ಚಿ ಮೇಜಿನ ಮೇಲೆಲ್ಲ ಹರಡಿತು. ಅಜ್ಜಿಯ ಕ್ಯಾಸೆಟ್‌ಗೆ ಹೀಗಾಗಿದ್ದರೆ ಅನ್ನುವ ಯೋಚನೆಗೇ ಕೈ ನಡುಗಿತು. ನಾಲ್ಕು ಸಲ ಬಿಚ್ಚಿ, ಕತ್ತರಿಸಿ, ಜೋಡಿಸಿ ಆದ ಮೇಲೆ ಧೈರ್ಯ ಬಂತು.

ನಮ್ಮದಕ್ಕೆ ಐದು ಸ್ಕ್ರೂ ಇತ್ತು, ಪುಣ್ಯ. ಕೆಲವನ್ನು ಅಂಟಿಸಿ ಮುಚ್ಚಿರುತ್ತಾರೆ, ಅವನ್ನು ಸೀಳಿಯೇ ತೆಗೆಯಬೇಕು. ಮೇಜಿನ ಮೇಲೆ ಸಮತಟ್ಟಾಗಿ ಇಟ್ಟು, ಸ್ಕ್ರೂ ತೆಗೆದು, ಮೇಲಿನ ಹೋಳನ್ನು ನೇರವಾಗಿ ಎತ್ತಿದೆ. ತಕ್ಷಣ ಫೋಟೋ ತೆಗೆದೆ. ಟೇಪು ಯಾವ ರೋಲರ್‌ನ ಯಾವ ಕಡೆಯಿಂದ ಸುತ್ತಿ ಬರುತ್ತದೆ ಅನ್ನುವುದು ಎಷ್ಟು ನೋಡಿದರೂ ಮರೆತುಹೋಗುತ್ತದೆ.

ಎರಡು ತುದಿಗಳನ್ನೂ ಓರೆಯಾಗಿ ಒಂದೇ ಕೋನದಲ್ಲಿ ಬ್ಲೇಡಿನಿಂದ ಕತ್ತರಿಸಿದೆ. ಧ್ವನಿ ಇರುವ ಕಡೆ ಹೋದದ್ದು ಒಂದು ಮಿಲಿಮೀಟರ್‌ಗಿಂತ ಕಡಿಮೆ. ತುದಿಗಳನ್ನು ಒಂದರ ಮೇಲೊಂದು ಬಾರದ ಹಾಗೆ, ಸಂದೂ ಬಿಡದ ಹಾಗೆ ಸೇರಿಸಿದೆ. ಹೆಡ್‌ಗೆ ತಾಗದ ಒಳಮೈಯಲ್ಲಿ ಕ್ಯಾಸೆಟ್ ಟೇಪು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಹಚ್ಚಿ ಉಗುರಿನಿಂದ ಉಜ್ಜಿದೆ. ಇಲ್ಲೂ ಸೆಲೋಟೇಪ್ ಬೇಡ. ಅದರ ಗೋಂದು ಅಂಚಿನಿಂದ ಹೊರಬಂದು ಸುತ್ತಿದ ಪದರಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಖಾಲಿ ಕ್ಯಾಸೆಟ್‌ನ ಮೆತ್ತೆಯನ್ನು ಅದರ ಸ್ಪ್ರಿಂಗ್ ಪಟ್ಟಿಯ ಸಮೇತ ತೆಗೆದು ಇದಕ್ಕೆ ಕೂರಿಸಿದೆ.

ಆರು ಮೂಲೆಯ ಪೆನ್ಸಿಲ್ ತೂರಿಸಿ, ಕೈಯಲ್ಲೇ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತಿದೆ. ಯಂತ್ರದ ವೇಗದ ಎಳೆತಕ್ಕೆ ಹಳೇ ಟೇಪನ್ನು ಒಡ್ಡಲು ಮನಸ್ಸಾಗಲಿಲ್ಲ. ಪ್ಲೇಯರ್‌ನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದೆ. ರಬ್ಬರ್ ರೋಲರ್‌ಗೆ ಮಾತ್ರ ಸೋಪುನೀರು. ಹಳೇ ಟೇಪು ಒಂದೇ ಸಲ ಚೆನ್ನಾಗಿ ಓಡೀತು ಅಂದುಕೊಂಡೇ ಹೊರಡಬೇಕು. ಹಾಗಾಗಿ ಮೊದಲ ಸಲ ಹಾಕುವಾಗಲೇ ಕಂಪ್ಯೂಟರ್‌ನಲ್ಲಿ ರೆಕಾರ್ಡಿಂಗ್ ಶುರುವಾಗಿತ್ತು. ಅಡಾಸಿಟಿ ಸಾಫ್ಟ್‌ವೇರ್, 24 ಬಿಟ್, 48,000 ಹರ್ಟ್ಜ್. ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟ್ ಜಾಗ ಬೇಕು.

ಪ್ಲೇ ಒತ್ತಿದೆ. ಏಳೆಂಟು ಸೆಕೆಂಡ್ ಬರೀ ಗಾಳಿಯ ಸದ್ದು. ಆಮೇಲೆ, ಕಂಬಳಿಯ ಹಿಂದಿನಿಂದ ಬಂದ ಹಾಗೆ ಒಂದು ದನಿ.

ದನಿ ಮಂಕಾಗಿತ್ತು, ಸಕಾರ ಚಕಾರ ಯಾವುದೂ ಬಿಡಿಸಿ ಕೇಳುತ್ತಿರಲಿಲ್ಲ. ಟೇಪನ್ನು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ನಮ್ಮ ಹೆಡ್ಡೂ ಇರಬೇಕು. ಇಲ್ಲದಿದ್ದರೆ ಮೇಲಿನ ಸ್ವರಗಳು ಮೊದಲು ಸಾಯುತ್ತವೆ. ಹೆಡ್ ಪಕ್ಕದಲ್ಲಿ ಇದಕ್ಕೇ ಒಂದು ಸಣ್ಣ ಸ್ಕ್ರೂ ಇರುತ್ತದೆ. ಅದು ಇದ್ದ ಸ್ಥಾನಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ಟೇಪು ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿದೆ. ಇನ್ನೂ ಮಂಕಾಯಿತು. ಇನ್ನೊಂದು ಕಡೆಗೆ ತಿರುಗಿಸಿದೆ. ಕಂಬಳಿ ಸರಿದ ಹಾಗೆ ಆಯಿತು.

"ಪುಟ್ಟಿ, ಇದು ಓಡ್ತಾ ಇದೆಯೋ ಇಲ್ವೋ ನಂಗೊತ್ತಿಲ್ಲ. ಓಡ್ತಿದೆ ಅಂದ್ಕೊಂಡೇ ಮಾತಾಡ್ತೀನಿ."

ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅಲ್ಲೇ ನೆಲದ ಮೇಲೆ ಕೂತರು. ಅವರನ್ನು ಪುಟ್ಟಿ ಅಂತ ಕರೆಯುವವರು ಈಗ ಯಾರೂ ಇಲ್ಲ.

ಮೂವತ್ತು ನಿಮಿಷ ಅಜ್ಜಿ ದೊಡ್ಡ ವಿಷಯ ಏನೂ ಹೇಳಲಿಲ್ಲ. ಕಾಲು ನೋವು ವಾಸಿ ಅಂದರು. ನಿನ್ನ ಕಾಗದ ತಡವಾಗಿ ಬಂತು ಅಂದರು. ಒಂದು ಕಡೆ ಏನು ಹೇಳಬೇಕೋ ತೋಚದೆ ಸುಮ್ಮನಾದರು, ಉಸಿರಾಡುವುದು ಮಾತ್ರ ಕೇಳಿಸಿತು. ಅಮ್ಮ ಕಣ್ಣು ಒರೆಸಿಕೊಳ್ಳುತ್ತಾ ನಗುತ್ತಿದ್ದರು. ಆ ಮುಖವನ್ನು ನಾನು ಹೇಗೆ ಬರೆಯಲಿ? ಐದು ವಾರ ಮಾಡಿದ ಕೆಲಸವೆಲ್ಲ ಆ ಅರ್ಧ ಗಂಟೆಗೇ ಇತ್ತೇನೋ ಅನ್ನಿಸಿತು.

ಮಾರನೇ ದಿನ ಫೈಲ್ ಹಿಡಿದು ಕೂತೆ. ಹಿನ್ನೆಲೆಯ ಗೊರಗೊರ ಸದ್ದು ತೆಗೆದು ದನಿ ಮಾತ್ರ ಉಳಿಸುವ ಅಂದಾಜು. ಹತ್ತನೇ ನಿಮಿಷದಿಂದ ಅಜ್ಜಿಯ ಮಾತಿನ ಹಿಂದೆ ಇನ್ನೊಂದು ಸದ್ದೂ ಇತ್ತು. ಸರ್ರ್... ಸರ್ರ್... ಸರ್ರ್... ಟೇಪು ಎಲ್ಲೋ ಉಜ್ಜುತ್ತಿದೆ ಅಂದುಕೊಂಡೆ. ಆದರೆ ಅಂಥ ಸದ್ದಾದರೆ ಸುರುಳಿ ಒಂದೊಂದು ಸುತ್ತು ಬಂದಾಗಲೂ ಕೇಳಬೇಕು. ಇದು ಆರೇಳು ಸಲ ಆಗಿ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಇರಲಿ ಅಂತ ಅದನ್ನೂ ಅಳಿಸಲು ಆಯ್ಕೆ ಮಾಡಿದೆ. ಹಿಂದೆ ಬಂದು ನಿಂತಿದ್ದ ಅಮ್ಮ ನನ್ನ ಭುಜ ಹಿಡಿದರು.

"ಅದನ್ನ ತೆಗೀಬೇಡ. ಅದು ಅಪ್ಪ. ಹೊರಗಡೆ ಹತ್ತರಿ ಹೊಡೀತಾ ಇದಾರೆ."

ಮತ್ತೆ ಮೊದಲಿನಿಂದ ಕೇಳಿದೆವು. ಈ ಸಲ ಅಜ್ಜಿಯ ಮಾತನ್ನು ಬಿಟ್ಟು ಅದನ್ನೇ ಕೇಳಿದೆವು. ತಳ್ಳುವಾಗ ಉದ್ದಕ್ಕೆ ಒಂದು ಸದ್ದು, ಎಳೆದುಕೊಳ್ಳುವಾಗ ನಿಶ್ಶಬ್ದ. ಅಲಗು ಗಂಟಿಗೆ ಸಿಕ್ಕಾಗ ಸದ್ದು ಸ್ವಲ್ಪ ತಡವರಿಸುತ್ತಿತ್ತು. ಅಜ್ಜನ ದನಿ ಎಲ್ಲೂ ಉಳಿದಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಅವರ ಕೆಲಸದ ಸದ್ದು ಅಲ್ಲೇ ಇತ್ತು.

ಫೈಲ್‌ನಿಂದ ಏನನ್ನೂ ತೆಗೆಯಲಿಲ್ಲ. ಮೂಲ ಫೈಲ್ ಹಾಗೇ ಇದೆ, ಮೂರು ಪ್ರತಿ. ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಒಂದು ಅಕ್ಕನ ಮನೆಯಲ್ಲಿ. ಫೋನ್‌ಗಳಿಗೆ ಒಂದು ಎಂಪಿ3 ಮಾಡಿ ಕಳಿಸಿದೆ. ಅಕ್ಕನ ಮಗಳು ಅದನ್ನು ಕೇಳಿ, ಮುಚ್ಚಳದ ಒಳಗಿನ ಏಣುಗಳ ಮೇಲೆ ಬೆರಳಾಡಿಸಿಕೊಂಡು "ಸರ್ರ್" ಅಂತ ಸದ್ದು ಮಾಡುತ್ತಾ ಕೂತಿದ್ದಳು.

ಆರನೇ ವಾರ: ಮತ್ತೆ ಜೋಡಿಸಿದ್ದು

ಮರ ಎಷ್ಟೇ ಹಳೆಯದಾದರೂ ಸಣ್ಣ ಪ್ರಮಾಣದಲ್ಲಿ ಅಸಿಟಿಕ್ ಆಮ್ಲದ ಆವಿ ಬಿಡುತ್ತಲೇ ಇರುತ್ತದೆ. ಹಾಗಾಗಿ ತಳಕ್ಕೂ ಗೋಡೆಗಳಿಗೂ ಪಾಲಿಯೆಸ್ಟರ್ ಹಾಳೆ ಇಟ್ಟು, ಅದರ ಒಳಗೆ ಆಮ್ಲರಹಿತ ರಟ್ಟಿನಿಂದ ಖಾನೆಗಳನ್ನು ಮಾಡಿದೆ. ಯಾವುದನ್ನೂ ಅಂಟಿಸಲಿಲ್ಲ, ಸುಮ್ನೆ ಕೂರಿಸಿದ್ದೇನೆ. ಮುಚ್ಚಳದ ಒಳಭಾಗವನ್ನು ಹಾಗೇ ಬಿಟ್ಟೆ. 'ಒಳಗೆ' ಅನ್ನುವ ಅಕ್ಷರ ಕಾಣಬೇಕಲ್ಲ.

ಕಾಗದಗಳು ಬಿಡಿಸಿದ ಸ್ಥಿತಿಯಲ್ಲಿ ತಳದಲ್ಲಿ. ಗಾಜಿನ ಫೋಟೋ ಮೆತ್ತನೆಯ ಹಾಸಿನ ಮೇಲೆ ಮಲಗಿದೆ. ಪೆನ್ಸಿಲ್‌ಗೂ ಕೀಲಿಗೂ ಒಂದೊಂದು ಪುಟ್ಟ ಗೂಡು. ಕ್ಯಾಸೆಟನ್ನು ಒಂದು ತುದಿಯವರೆಗೆ ಪೂರ್ತಿ ಸುತ್ತಿ, ನಿಲ್ಲಿಸಿ ಇಟ್ಟಿದ್ದೇನೆ. ಮಲಗಿಸಿದರೆ ವರ್ಷಗಳಲ್ಲಿ ಸುರುಳಿಯ ಅಂಚು ಕುಸಿಯುತ್ತದೆ. ಮುಚ್ಚಳಕ್ಕೆ ಅಯಸ್ಕಾಂತದ ಚಿಲಕ ಹಾಕುವ ಆಸೆ ಇತ್ತು, ತಂದೂ ಆಗಿತ್ತು. "ಕ್ಯಾಸೆಟ್ ಪಕ್ಕ ಅಯಸ್ಕಾಂತನಾ?" ಅಂತ ಅಕ್ಕ ಕೇಳಿದಳು. ಹಿತ್ತಾಳೆಯ ಕೊಕ್ಕೆ ಹಾಕಿದೆ.

ಸಿಲಿಕಾ ಜೆಲ್‌ನ ಎರಡು ಪೊಟ್ಟಣ, ಮತ್ತೆ ತೇವ ತೋರಿಸುವ ಒಂದು ಸಣ್ಣ ಮಾಪಕ ಒಳಗಿವೆ. ತೇವ ಶೇಕಡಾ 65 ದಾಟಿದರೆ ಬೂಸ್ಟು ಬರುವ ಸಂಭವ ಹೆಚ್ಚು. 50ರ ಒಳಗಿದ್ದರೆ ಚಿಂತೆಯಿಲ್ಲ. ಮೊದಲ ವಾರದ ನೋಟ್‌ಪುಸ್ತಕ ಎಲ್ಲದರ ಮೇಲೆ. ಕ್ಯಾಸೆಟ್‌ನ ಪುಟದಲ್ಲಿ ಅಮ್ಮನೇ ಒಂದು ಸಾಲು ಸೇರಿಸಿದರು: 'ಹತ್ತನೇ ನಿಮಿಷದಿಂದ ಅಪ್ಪ ಇದ್ದಾರೆ.'

ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಅಲ್ಲಿ ಸೆಕೆ, ತೇವ ಎರಡೂ ಜಾಸ್ತಿ, ಮೇಲಾಗಿ ಯಾರ ಕೈಗೂ ಎಟುಕುವುದಿಲ್ಲ. ಅಮ್ಮ ಕೂರುವ ಕುರ್ಚಿಯ ಪಕ್ಕದ ಶೆಲ್ಫಿನಲ್ಲಿ, ಬಿಸಿಲು ಬೀಳದ ಕಡೆ ಜಾಗ ಮಾಡಿದೆ.

ಕೊಕ್ಕೆ ಹಾಕಿ ಕೊಟ್ಟಾಗ ಅಮ್ಮ ಮುಚ್ಚಳ ಎರಡು ಸಲ ತೆರೆದು ಮುಚ್ಚಿ ನೋಡಿದರು. ಹಳೇ ದಾರ ಮೇಜಿನ ಮೇಲಿತ್ತು. ಕಸದ ಜೊತೆ ಎತ್ತಿಕೊಳ್ಳಲು ಹೋದೆ. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ನಾಲ್ಕು ಬೆರಳಿಗೆ ಸುತ್ತಿ ಉಂಡೆ ಮಾಡಿ, ಕೀಲಿಯ ಪಕ್ಕದಲ್ಲಿ ಇಟ್ಟರು. ಆಮೇಲೆ ನೋಟ್‌ಪುಸ್ತಕ ತೆಗೆದು, ಅದಕ್ಕೂ ಒಂದು ಪುಟ ಬರಿ ಅಂದರು.